ಸೂರ್ಯ ಮುಳುಗುವ ಮೊದಲು ಹಾವಿಗೆ ಊಟ

ಹಾವಿಗೆ ಊಟ ಹಾಕುವುದರಲ್ಲಿ ಇಡೀ ರಿಪ್ಪನ್‌ಪೇಟೆಯಲ್ಲಿ ನನ್ನಷ್ಟು ಜಾಗರೂಕ ಮನುಷ್ಯ ಇನ್ನೊಬ್ಬನಿರಬಾರದು ಎಂದು ನಾನು ತೀರ್ಮಾನಿಸಿದ್ದೆ. ಭಾವ ಪುಷ್ಪರಾಜ್ ಅಕ್ಕನ ಜೊತೆ ಮೂಡಬಿದಿರೆಗೆ ಹೊರಟಾಗ ತಮ್ಮ ಎರಡು ಸಾಕುಹಾವುಗಳನ್ನು ನನಗೆ ಒಪ್ಪಿಸಿದ್ದರು. ಕಿತ್ತಳೆ ಬಣ್ಣದ, ವಿಷವಿಲ್ಲದ, ಸರ್ಕಾರದ ಕಾಗದಪತ್ರವಿರುವ ವಿದೇಶಿ ಹಾವುಗಳು. ದೊಡ್ಡದು ರಾಣಿ, ಚಿಕ್ಕದು ಚಿನ್ನಿ. ಹಾಜರಿ ಕರೆದಾಗ ನನ್ನ ‘ಎಸ್ ಸರ್’ ಯಾರಿಗೂ ಕೇಳಿಸುವುದಿಲ್ಲವೆಂದು ಕಾಲೇಜು ಬಿಟ್ಟವನು ನಾನು. ಆಮೇಲೆ ನನ್ನನ್ನು ನಂಬಿ ಯಾರಾದರೂ ಏನನ್ನಾದರೂ ಕೊಟ್ಟಿದ್ದು ಇದೇ ಮೊದಲು!

ಹಿತ್ತಿಲ ಶೆಡ್ಡಿನಲ್ಲಿ ಅವುಗಳನ್ನು ಇಡಲು ಅಜ್ಜಿ ಧರ್ಮಾವತಿ ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

“ನಮ್ಮದು ಜೈನರ ಮನೆ. ಹಾವು ಸತ್ತ ಇಲಿ ತಿಂದ್ರೆ ಅದು ಅದರ ಕರ್ಮ. ಆದ್ರೆ ಸೂರ್ಯ ಮುಳುಗಿದ ಮೇಲೆ ಇಲ್ಲಿ ಯಾರೂ ಬಾಯಾಡಿಸಬಾರ್ದು. ಕಾಲಿದ್ದೋರೂ ಅಷ್ಟೇ, ಇಲ್ಲದೋರೂ ಅಷ್ಟೇ!”

ಭಾವ ಎಲ್ಲವನ್ನೂ ಬರೆದಿಟ್ಟಿದ್ದರು. ಹೆಪ್ಪುಗಟ್ಟಿದ ಇಲಿಯನ್ನು ಬಿಸಿನೀರಿನಲ್ಲಿಟ್ಟು ಮೆತ್ತಗೆ ಮಾಡಬೇಕು. ಒಂದು ಹಾವು ಪೂರ್ತಿ ನುಂಗಿದ ಮೇಲೆಯೇ ಇನ್ನೊಂದಕ್ಕೆ ಕೊಡಬೇಕು. ನಾನು ಆರು ಸಲ ಓದಿದೆ. ಇಲಿಗಳು ಒಳಗೂ ಮೆತ್ತಗಾಗಲಿ ಎಂದು ಮೂರು ಸಲ ನೀರು ಬದಲಾಯಿಸಿದೆ. ಅಷ್ಟರಲ್ಲಿ ಸೂರ್ಯ ಮುಳುಗಲು ಹತ್ತೇ ನಿಮಿಷ ಉಳಿದಿತ್ತು. ಅಜ್ಜಿ ಬಾಗಿಲಲ್ಲಿ ನಿಂತು ಒಮ್ಮೆ ಪಡುವಣ ದಿಕ್ಕನ್ನು ನೋಡುತ್ತಿದ್ದರು, ಒಮ್ಮೆ ನನ್ನನ್ನು.

ಒಂದಾದ ಮೇಲೆ ಒಂದಕ್ಕೆ ಹಾಕಲು ಹೊತ್ತಿರಲಿಲ್ಲ. ಎರಡನ್ನೂ ಒಂದೇ ಟಬ್ಬಿಗೆ ಬಿಟ್ಟು, ಎರಡು ಮೂಲೆಗೆ ಎರಡು ಇಲಿ ಇಟ್ಟೆ. ಎರಡೂ ಒಂದೇ ಇಲಿಗೆ ಹಾರಿದವು! ಇಲಿ ಪಕ್ಕಕ್ಕೆ ಸಿಡಿಯಿತು. ರಾಣಿಯ ಬಾಯಿಗೆ ಸಿಕ್ಕಿದ್ದು ಚಿನ್ನಿಯ ಮೂತಿ.

“ಅಯ್ಯೋ, ಬಾಲ ಎರಡು ಕಾಣ್ತಾ ಇದೆ, ತಲೆ ಒಂದೇ!” ಎಂದರು ಅಜ್ಜಿ.

ಪಶುವೈದ್ಯೆ ಸುಷ್ಮಾ ಅವರಿಗೆ ಫೋನು ಮಾಡಿದೆ.

“ಮೇಡಂ, ಹಾವು ಕಚ್ಚಿದೆ.”

“ಹಸುವಿಗಾ?”

“ಅಲ್ಲ, ಹಾವಿಗೆ.”

“ಹಾವಿಗೆ ಎಂತ ಕಚ್ಚಿದ್ದು?”

“ಹಾವು.”

“ಜೋರಾಗಿ ಹೇಳು ಮಾರಾಯ, ಕೇಳ್ತಿಲ್ಲ!”

“ಹಾವಿಗೆ ಹಾವು ಕಚ್ಚಿದೆ ಮೇಡಂ!” ಎಂದು ಕಿರುಚಿದೆ. ಪಕ್ಕದ ಮನೆಯ ವಿಶಾಲಮ್ಮ ಬೇಲಿಯ ಹತ್ತಿರ ಓಡಿಬಂದರು.

“ಎಳೀಬೇಡ,” ಎಂದರು ಡಾಕ್ಟರ್ ಫೋನಿನಲ್ಲಿ. “ಸ್ಯಾನಿಟೈಸರ್ ಇದ್ಯಾ? ಅದರಲ್ಲಿ ಹತ್ತಿ ಅದ್ದಿ ಕಚ್ಚಿದ ಹಾವಿನ ಮೂಗಿನ ಹತ್ರ ಹಿಡಿ. ನಾನು ಬಂದೆ.”

ಹಿಡಿದೆ. ಎಷ್ಟು ಹೊತ್ತು ಎಂದು ಎಣಿಸುವ ಧೈರ್ಯವಿರಲಿಲ್ಲ. ಕೊನೆಗೆ ರಾಣಿ ಬಾಯಿ ಬಿಟ್ಟಳು. ಚಿನ್ನಿ ಅಲುಗಾಡಲಿಲ್ಲ. ಆಮೇಲೆ ಅವಳ ನಾಲಿಗೆ ಒಮ್ಮೆ ಹೊರಬಂತು.

ಡಾಕ್ಟರ್ ಬಂದು ಹರಿದ ತುಟಿಗೆ ಮುಲಾಮು ಹಚ್ಚಿದರು. “ಬದುಕ್ತಾಳೆ. ಇನ್ನು ಹತ್ತು ದಿನ ಎರಡಕ್ಕೂ ಎಂತದೂ ಹಾಕ್ಬೇಡ.”

ಭಾವನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. “ಬರೆದಿಟ್ಟಿದ್ದನ್ನ ಓದ್ಲಿಲ್ವೇನೋ?”

“ಆರು ಸಲ ಓದಿದೆ ಭಾವ.”

“ಒಂದು ಸಲ ಓದಿ, ಹಾಗೇ ಮಾಡಿದ್ರೆ ಸಾಕಿತ್ತಲ್ಲ ಮಾರಾಯ!”

ಮಾರನೆಯ ಬೆಳಿಗ್ಗೆ ನಾನು ಶೆಡ್ಡಿಗೆ ಹೋದಾಗ ವಿಶಾಲಮ್ಮ ಚಿನ್ನಿಯ ಮುಂದೆ ಕೈಮುಗಿದು ನಿಂತಿದ್ದರು. ಪಕ್ಕದಲ್ಲಿ ಅಜ್ಜಿ, ಹೆಮ್ಮೆಯಿಂದ.

“ಹತ್ತು ದಿನದ ಉಪವಾಸ ಹಿಡಿದಿದಾವೆ ವಿಶಾಲಮ್ಮ, ಎರಡೂ!” ಎಂದ ಅಜ್ಜಿ ನನ್ನ ಕೈಯತ್ತ ನೋಡಿದರು. “ಇವನೊಬ್ಬ ಇದಾನೆ ನೋಡಿ, ಬೆಳಿಗ್ಗೆಯಿಂದ ಇದು ಐದನೇ ದೋಸೆ.”