ಟೈರಿನ ಕಾರ್ಡು ಮತ್ತು ರಾಹುಕಾಲ

ನನಗೆ ರಾಹುಕಾಲದಲ್ಲಿ ನಂಬಿಕೆಯಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದುತ್ತ ಹೋದಂತೆ ನಿಮಗೆ ಅನುಮಾನ ಬರಬಹುದು. ನಂಬಿಕೆಯಿರುವುದು ನನ್ನ ಹೆಂಡತಿ ಸುಧಾಗೆ. ಶಿಕಾಗೋ ಪಕ್ಕದ ವೆಸ್ಟ್‌ಮಂಟ್‌ನ ನಮ್ಮ ಮನೆಯ ಫ್ರಿಜ್ಜಿನ ಮೇಲೆ ಮೈಸೂರಿನಿಂದ ತರಿಸಿದ ಕ್ಯಾಲೆಂಡರೊಂದು ತೂಗುತ್ತದೆ. ಆ ಕ್ಯಾಲೆಂಡರಿನ ಪ್ರಕಾರ ದಿನಕ್ಕೆ ಒಂದೂವರೆ ಗಂಟೆ ನಮ್ಮ ಮನೆಯಲ್ಲಿ ಯಾವ ಹೊಸ ಕೆಲಸವೂ ಶುರುವಾಗುವ ಹಾಗಿಲ್ಲ. ಡಿಶ್‌ವಾಷರ್ ಜೋಡಿಸಲು ಬಂದ ದಾಂಡಿಗ ಅಮೆರಿಕನ್ನನೊಬ್ಬನನ್ನು ಅವಳು ಎರಡು ಲೋಟ ಕಾಫಿ, ಒಂದು ತಟ್ಟೆ ಚಕ್ಕುಲಿ ಕೊಟ್ಟು ರಾಹುಕಾಲ ಕಳೆಯುವವರೆಗೆ ಕೂರಿಸಿದ್ದುಂಟು. ಪಾಪ, ಅವನು ಅದನ್ನು ಅತಿಥಿಸತ್ಕಾರ ಅಂದುಕೊಂಡು ಹೋದ.

ಸಂಗತಿ ಇಷ್ಟು. ರಿಸೆಶನ್ನಿನಲ್ಲಿ ಶಿಕಾಗೋದ ನಮ್ಮ ಆಫೀಸಿಗೆ ಬೀಗ ಬಿತ್ತು. ಆರು ತಿಂಗಳು ಅಲೆದ ಮೇಲೆ ಕೆಲಸ ಸಿಕ್ಕಿದ್ದು ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿ. ಮನೆ ಮಾರೋಣವೆಂದರೆ ಮೂಸಿ ನೋಡುವವರಿಲ್ಲ. ಹಾಗಾಗಿ ಅಲ್ಲೊಂದು ಚಿಕ್ಕ ಅಪಾರ್ಟ್‌ಮೆಂಟ್ ಹಿಡಿದು, ಭಾನುವಾರ ಹೋಗುವುದು, ಶುಕ್ರವಾರ ಬರುವುದು ಮಾಡುತ್ತಿದ್ದೆ. ಒಂದು ಕಡೆಗೆ ಇನ್ನೂರೆಪ್ಪತ್ತು ಮೈಲಿ. ಕಾರಿನ ಟೈರುಗಳು ನನ್ನ ತಲೆಯ ಹಾಗೆಯೇ ನುಣ್ಣಗಾಗಿದ್ದವು. ಮೊದಲ ಹಿಮ ಬಿದ್ದ ದಿನ ಕಾರು ಜಾರಿ, ಅರ್ಧ ಸುತ್ತು ತಿರುಗಿ, ಬಂದ ದಾರಿಯನ್ನೇ ನೋಡುತ್ತ ನಿಂತಿತ್ತು. ಅದನ್ನು ಬಾಯಿತಪ್ಪಿ ಸುಧಾಗೆ ಹೇಳಿಬಿಟ್ಟೆ. ಅಂದಿನಿಂದ ನಾನು ಲಿವೋನಿಯಾ ಮುಟ್ಟಿ ಫೋನ್ ಮಾಡುವ ತನಕ ಅವಳು ಊಟಕ್ಕೆ ಕೂರುತ್ತಿರಲಿಲ್ಲ.

ಹೊಸ ಟೈರು ಕೊಳ್ಳುವ ಸ್ಥಿತಿ ನಮ್ಮದಾಗಿರಲಿಲ್ಲ. ಆದರೆ ನಾವು ಕಾರು ಸರ್ವಿಸ್ ಮಾಡಿಸುತ್ತಿದ್ದ ಕಂಪನಿಯ ಕಾರ್ಡಿನಲ್ಲಿ ವರ್ಷಗಳಿಂದ ಕೂಡಿಬಂದ ಪಾಯಿಂಟುಗಳಿದ್ದವು. ನಾಲ್ಕು ಟೈರು ಬಿಟ್ಟಿಯಾಗಿ ಬರುವಷ್ಟು. ಅಷ್ಟರಲ್ಲಿ ಟಪಾಲಿನಲ್ಲಿ ಹೊಸ ಕಾರ್ಡು ಬಂತು, ಜೊತೆಗೊಂದು ಕಾಗದ. ಹಳೆಯ ಕಾರ್ಡು ರದ್ದಾಗಿದೆ, ಹೊಸದನ್ನು ಇಂಥ ಮಂಗಳವಾರ ಸಂಜೆ ಐದು ಗಂಟೆಯೊಳಗೆ ಆಕ್ಟಿವೇಟ್ ಮಾಡದಿದ್ದರೆ ಪಾಯಿಂಟುಗಳೆಲ್ಲ ಹೋದವು ಎಂದು ತಿಳಿಯಬೇಕು. ನಾನು ಕಾಗದವನ್ನು ಜೋಪಾನವಾಗಿ ಎತ್ತಿಟ್ಟೆ. ಎತ್ತಿಟ್ಟ ಮೇಲೆ ಮರೆತೆ.

ನೆನಪಾದದ್ದು ಅದೇ ಮಂಗಳವಾರ ಬೆಳಿಗ್ಗೆ. ಆ ವಾರ ನಾನು ಕೆಲಸ ಮಾಡುವ ಕಂಪನಿ ನಮ್ಮೆಲ್ಲರನ್ನೂ ಸಂಬಳವಿಲ್ಲದ ರಜೆಯ ಮೇಲೆ ಮನೆಗೆ ಕಳಿಸಿತ್ತು. ಫೋನ್ ಹಚ್ಚಿದೆ. ಒಂದನ್ನು ಒತ್ತಿ ಅಂದಿತು, ಒತ್ತಿದೆ. ನಾಲ್ಕನ್ನು ಒತ್ತಿ ಅಂದಿತು, ಅದನ್ನೂ ಒತ್ತಿದೆ. ನಿಮ್ಮ ಕರೆ ನಮಗೆ ಬಹಳ ಮುಖ್ಯ ಅಂದು ಮುಕ್ಕಾಲು ಗಂಟೆ ಪಿಯಾನೋ ಕೇಳಿಸಿತು. ಕೊನೆಗೆ ಸಿಕ್ಕ ಹೆಣ್ಣುಮಗಳು ಕಾರಿನ ಹದಿನೇಳಕ್ಷರದ ನಂಬರು ಕೇಳಿದಳು. ಅದು ಕಾರಿನ ಮುಂದಿನ ಗಾಜಿನಡಿ ಇರುತ್ತದೆ. ಕಾರು ಬೋಲಿಂಗ್‌ಬ್ರೂಕಿನ ವೇರ್‌ಹೌಸಿನಲ್ಲಿ ಕೆಲಸ ಮಾಡುವ ಸುಧಾಳ ಜೊತೆ ಇತ್ತು; ಬೇರೆ ವಾರಗಳಲ್ಲಿ ಜೊತೆಯವರ ಕಾರಿನಲ್ಲಿ ಹೋಗುವವಳು ನಾನು ಮನೆಯಲ್ಲಿದ್ದೇನೆಂದು ನಮ್ಮದನ್ನೇ ಒಯ್ದಿದ್ದಳು. ಅಲ್ಲಿ ಫೋನ್ ಲಾಕರಿನಲ್ಲಿಟ್ಟು ಒಳಗೆ ಹೋಗಬೇಕು, ಹಾಗಾಗಿ ಅವಳು ಮೂರಕ್ಕೆ ಐದು ನಿಮಿಷವಿದೆ ಎನ್ನುವಾಗ ಮನೆಗೆ ಬರುವ ತನಕ ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದೆ. ಚಳಿಯಲ್ಲಿ ಬಾನೆಟ್ಟಿನ ಮೇಲೆ ಬಗ್ಗಿ ನಂಬರು ಬರೆದುಕೊಂಡು ಒಳಗೆ ಓಡಿ ಬಂದರೆ, ಅವಳು ಫೋನಿನ ಮೇಲೆ ಕೈಯಿಟ್ಟು ನಿಂತಿದ್ದಳು.

“ರೀ, ಮೂರಾಯ್ತು. ಮಂಗಳವಾರ ನಾಲ್ಕೂವರೆ ತನಕ ರಾಹುಕಾಲ. ಈಗ ಬೇಡ.”

“ಇದು ಟೈರು ಕಣೇ, ಮದುವೆಯಲ್ಲ,” ಅಂದೆ.

“ಆ ಟೈರ್ ಮೇಲೆ ಹೋಗೋರು ನೀವು. ಇಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿರೋಳು ನಾನು. ಒಂದೂವರೆ ಗಂಟೆ ಕಾದ್ರೆ ನಿಮ್ಮ ಗಂಟೇನು ಹೋಗುತ್ತೆ?”

ಐದಕ್ಕೆ ಇನ್ನೂ ಎರಡು ಗಂಟೆ ಇತ್ತಲ್ಲ, ಕಾದೆ. ನಾಲ್ಕು ಮೂವತ್ತೊಂದಕ್ಕೆ ಫೋನ್ ಹಚ್ಚಿದರೆ ಪಿಯಾನೋ ಕೂಡ ಇಲ್ಲ. ನಮ್ಮ ಆಫೀಸು ಮುಚ್ಚಿದೆ, ಕೆಲಸದ ವೇಳೆ ಬೆಳಿಗ್ಗೆ ಎಂಟರಿಂದ ಸಂಜೆ ಐದು, ಈಸ್ಟರ್ನ್ ಟೈಮ್ ಎಂದಿತು ಯಂತ್ರ. ಕಾಗದ ತೆಗೆದು ನೋಡಿದೆ. ಮೇಲ್ತುದಿಯಲ್ಲೇ ವಿಳಾಸವಿತ್ತು: ಲಿವೋನಿಯಾ, ಮಿಶಿಗನ್. ನನ್ನ ಅಪಾರ್ಟ್‌ಮೆಂಟಿನಿಂದ ಹತ್ತು ನಿಮಿಷದ ದಾರಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದೆ; ಅಲ್ಲಿ ಆಗಲೇ ಐದೂವರೆ. ವಾರಕ್ಕೆ ಎರಡು ಸಲ ಆ ಒಂದು ಗಂಟೆಯನ್ನು ದಾಟುವವನು ನಾನು. ಪ್ರತಿ ಸಲವೂ ಗಡಿಯಾರದ ಮುಳ್ಳು ತಿರುಗಿಸುತ್ತ ಬುದ್ಧಿವಂತನ ಹಾಗೆ ನಗುವವನೂ ನಾನೇ.

ಬೈಯಲು ನಾನು ಸಿಗುತ್ತಿರಲಿಲ್ಲವಾದ್ದರಿಂದ ಸುಧಾಗೆ ಬೈದೆ. ಕ್ಯಾಲೆಂಡರಿಗೆ, ರಾಹುವಿಗೆ, ಅವನ ಜೊತೆಗಾರ ಕೇತುವಿಗೂ ಬೈದೆ. ಅವಳು ಕಾಫಿ ತಂದಿಟ್ಟು, “ನಿಮಗೇನೂ ಆಗ್ಬಾರ್ದು ಅಂತ ಮಾಡಿದ್ದು,” ಅಂದಳು. ಕಣ್ಣು ತುಂಬಿತ್ತು. ನನಗೆ ನಾಚಿಕೆಯಾಯಿತು.

ಮರುದಿನ ಫೋನ್ ಮಾಡಿ ಗೋಗರೆದೆ. ಗಡುವು ಮುಗಿದಿದೆ, ಬೇಕಾದರೆ ಸೋಮವಾರ ಬೆಳಿಗ್ಗೆ ಖುದ್ದಾಗಿ ಬಂದು ಮ್ಯಾನೇಜರನ್ನು ಕೇಳಿ, ಮಾಡಿದರೆ ಅವರೇ ಮಾಡಬೇಕು ಎಂದರು. ಭಾನುವಾರ ಅದೇ ಬೋಳು ಟೈರಿನಲ್ಲಿ, ಲಾರಿಗಳ ಹಾರ್ನಿನ ಬೈಗುಳ ತಿನ್ನುತ್ತ, ನಲವತ್ತೈದು ಮೈಲಿಯ ವೇಗದಲ್ಲಿ ಲಿವೋನಿಯಾ ಮುಟ್ಟಿದೆ. ಸೋಮವಾರ ಎಂಟೂವರೆಗೆಲ್ಲ ಅವರ ಪಾರ್ಕಿಂಗ್ ಲಾಟಿನಲ್ಲಿದ್ದೆ. ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು. ನಂಬಿಕೆಯ ಮಾತಲ್ಲ, ಹೊರಗೆ ಹದಿನೈದು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ ಇತ್ತು, ಕಾರಿನೊಳಗೆ ಹೀಟರ್ ಹಿತವಾಗಿತ್ತು, ಕೂತೆ. ಒಂಬತ್ತು ಹೊಡೆಯಿತು. ಬಾಗಿಲಿಗೆ ಕೈ ಹಾಕಿದೆ. ಆಗ ನೆನಪಾಯಿತು: ವೆಸ್ಟ್‌ಮಂಟಿನಲ್ಲಿ ಇನ್ನೂ ಎಂಟು ಗಂಟೆ. ಕಾರ್ಡಿನ ವಿಳಾಸ ಅಲ್ಲಿಯದು, ಕ್ಯಾಲೆಂಡರೂ ಅಲ್ಲಿಯದು. ಕೈ ಹಿಂದಕ್ಕೆ ತೆಗೆದುಕೊಂಡೆ.

ಒಳಗೆ ಹೋದ ಮೇಲೆ ಎರಡೇ ನಿಮಿಷದ ಕೆಲಸ. ನೆಗಡಿಯಾಗಿದ್ದ ಮ್ಯಾನೇಜರು ಕಾಗದ ನೋಡಿದ, ಸೀನಿದ, ಏನೋ ಟೈಪ್ ಮಾಡಿದ, ಟೈರು ಗುರುವಾರ ಹಾಕಿಕೊಡುತ್ತೇವೆ ಅಂದ. ಸೋಮವಾರ ಸುಧಾಗೆ ವಾರದ ರಜೆ, ಮನೆಗೆ ಫೋನ್ ಮಾಡಿದೆ. ಅವಳು ಉಸಿರು ಬಿಟ್ಟದ್ದು ಇನ್ನೂರೆಪ್ಪತ್ತು ಮೈಲಿ ದೂರಕ್ಕೆ ಕೇಳಿಸಿತು. ಆಮೇಲೆ ಮೆಲ್ಲಗೆ ಕೇಳಿದಳು, “ಎಷ್ಟು ಗಂಟೆಗೆ ಒಳಗೆ ಹೋದ್ರಿ?”

“ಎಂಟೂವರೆಗೆ,” ಅಂದೆ. “ನಿನ್ನ ರಾಹುಕಾಲದ ನಟ್ಟನಡುವೆ. ನೋಡು, ಏನಾಯ್ತು?”

ಫೋನಿಟ್ಟು ಗಡಿಯಾರ ನೋಡಿಕೊಂಡೆ. ಹತ್ತು ಗಂಟೆ ಐದು ನಿಮಿಷವಾಗಿತ್ತು.