ನಲವತ್ತು ದಿನದ ಪ್ರಾಕ್ಟಿಕಲ್

ಬೆಳಿಗ್ಗೆ ಹತ್ತೂಕಾಲಿಗೆ ಪ್ರಿನ್ಸಿಪಾಲರು ಟೀ ಲೋಟಗಳ ತಟ್ಟೆಯೊಂದನ್ನು ಅಕ್ಕನ ಕೈಗಿಟ್ಟು, "ಇವತ್ತಿನ ಪ್ರಾಕ್ಟಿಕಲ್ ಇದೇ ಕಣಮ್ಮ. ಒಳಗೆ ನಾಲ್ಕು ಜನ ಅತಿಥಿಗಳಿದ್ದಾರೆ" ಎಂದರು.

ಅಕ್ಕನ ಸಿಟ್ಟು ಲೋಟಗಳಿಗೂ ಗೊತ್ತಾಯಿತು. ಒಂದಕ್ಕೊಂದು ತಾಗಿ ಕಟಕಟ ಹಲ್ಲು ಕಡಿದವು.

"ಸಾರ್, ಇದನ್ನ ಮನೇಲಿ ಹದಿನೆಂಟು ವರ್ಷದಿಂದ ಮಾಡ್ತಿದೀನಿ. ಯಾವ ಸರ್ಟಿಫಿಕೇಟೂ ಇಲ್ದೆ."

"ಮನೇಲಿ ಕೊಟ್ರೆ ಅದು ಟೀ. ಆಫೀಸಲ್ಲಿ ಕೊಟ್ರೆ ಅತಿಥಿ ನಿರ್ವಹಣೆ" ಎಂದು ಪ್ರಿನ್ಸಿಪಾಲರು ಒಳಗೆ ನಡೆದರು.

ಈ ವಾಣಿಜ್ಯ ಕಾಲೇಜಿಗೆ ಸೇರುವ ಮೊದಲು ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ರೆಡಿಮೇಡ್ ಅಂಗಡಿಗಳು ಸಾಲಾಗಿ ಬಾಗಿಲು ತೆರೆದ ಮೇಲೆ ಹೊಲಿಗೆ ಕೇಳಿಕೊಂಡು ಬರುವವರು ಇಲ್ಲವಾದರು. ಆಫೀಸು ಕೆಲಸವನ್ನಾದರೂ ಕಲಿಯೋಣವೆಂದು ಬಂದವಳನ್ನು ಹತ್ತೊಂಬತ್ತು ಇಪ್ಪತ್ತರ ಹುಡುಗಿಯರು ಅಕ್ಕ ಎಂದು ಕರೆದರು. ಈಗ ಮೇಷ್ಟ್ರುಗಳಿಗೂ ಅವಳು ಅಕ್ಕನೇ. ಟೈಪಿಂಗ್, ಪತ್ರವ್ಯವಹಾರ, ಕಡತ ಜೋಡಣೆ, ಮೂರರಲ್ಲೂ ಮೊದಲ ದರ್ಜೆ. ಉಳಿದದ್ದು ನಲವತ್ತು ದಿನದ ಪ್ರಾಕ್ಟಿಕಲ್ ಒಂದೇ.

"ಹೊರಗೆಲ್ಲೋ ಯಾಕಮ್ಮ, ನಮ್ಮ ಆಫೀಸಲ್ಲೇ ಮಾಡು" ಎಂದಿದ್ದರು ಪ್ರಿನ್ಸಿಪಾಲರು. ಅಕ್ಕ ಫೋನು ಎತ್ತಿದಳು, ಕಡತ ಕಟ್ಟಿದಳು, ಗಂಟೆ ಬಾರಿಸಿದಳು, ಪ್ರಿನ್ಸಿಪಾಲರ ಮಗನ ಮದುವೆಯ ಕರೆಯೋಲೆಗೆ ಮುನ್ನೂರು ವಿಳಾಸ ಬರೆದಳು. ಅಷ್ಟರಲ್ಲಿ ಪ್ರಿನ್ಸಿಪಾಲರು ಇದ್ದ ಗುಮಾಸ್ತನನ್ನು ಸದ್ದಿಲ್ಲದೆ ಮನೆಗೆ ಕಳಿಸಿದ್ದೂ ಆಯಿತು. ನಲವತ್ತು ದಿನ ಎಳೆದೆಳೆದು ತೊಂಬತ್ತಾಯಿತು.

ಈಗ ಕಣ್ಣಿನ ಆಸ್ಪತ್ರೆಯಲ್ಲಿ ಒಂದು ಜಾಗ ಖಾಲಿಯಿತ್ತು. ಪ್ರಾಕ್ಟಿಕಲ್ ಸರ್ಟಿಫಿಕೇಟು ಸೇರಿಸಿದ ಅರ್ಜಿಗೆ ಶುಕ್ರವಾರ ಕೊನೆಯ ದಿನ. ಇವತ್ತು ಬುಧವಾರ. ಟೀ ಕೊಟ್ಟು ಮುಗಿಸಿದ ಅಕ್ಕ ಅತಿಥಿಗಳ ಎದುರಿಗೇ ಕೇಳಿಬಿಟ್ಟಳು.

"ಸಾರ್, ನನ್ನ ಸರ್ಟಿಫಿಕೇಟಿಗೆ ಒಂದು ಸಹಿ."

ಪ್ರಿನ್ಸಿಪಾಲರು ಒಂದು ಗುಟುಕು ಕುಡಿದು ಬಾಯಿ ಚಪ್ಪರಿಸಿದರು. "ಅನುಭವ ಇನ್ನೂ ಮಾಗಬೇಕಮ್ಮ. ಎರಡು ತಿಂಗಳು ಹೋಗ್ಲಿ. ಸಕ್ಕರೆ ಒಂಚೂರು ಕಮ್ಮಿ ಆಗಿದೆ ನೋಡು."

ಅತಿಥಿಗಳು ನಕ್ಕರು. ಅಕ್ಕ ನೇರ ಟೈಪಿಂಗ್ ಕೋಣೆಗೆ ಬಂದು ಮಷೀನಿನ ಮುಂದೆ ಕೂತಳು. ಕೈಗೆ ಸಿಕ್ಕ ಹಾಳೆಯನ್ನು ತುರುಕಿ, ಕಾಲೇಜುಗಳ ಮೇಲ್ವಿಚಾರಣೆ ನೋಡುವ ಇಲಾಖೆಯ ಅಧಿಕಾರಿಗೆ ದೂರು ಕುಟ್ಟತೊಡಗಿದಳು. ತಗಡಿನ ಸೂರಿನ ಮೇಲೆ ಆಲಿಕಲ್ಲು ಸುರಿದ ಹಾಗಿತ್ತು ಸದ್ದು. ಹುಡುಗಿಯರು ತಮ್ಮ ಮಷೀನು ಬಿಟ್ಟು ಬಂದು ಸುತ್ತ ನಿಂತರು.

"ಅಕ್ಕಾ, 'ಬಿಟ್ಟಿ ಚಾಕರಿ' ಅಂತ ಹಾಕಿ, ಚೆನ್ನಾಗಿರುತ್ತೆ" ಎಂದಳು ಸದಾ ಬಾಯಲ್ಲಿ ಏನಾದರೂ ಅಗಿಯುವ, ಅದಕ್ಕೇ ಚೂಯಿಂಗಮ್ಮು ಎಂದು ಹೆಸರಾದ ಹುಡುಗಿ.

"ಹಾಕಿದೀನಿ. ಎರಡು ಸಲ."

ಸದ್ದು ಕೇಳಿ ಟೈಪಿಂಗ್ ಮೇಷ್ಟ್ರು ಓಡಿಬಂದರು. ಮೂವತ್ತು ವರ್ಷದಿಂದ ಅವರು ಪತ್ರಗಳನ್ನು ನೋಡಿದ್ದರೇ ಹೊರತು ಓದಿದವರಲ್ಲ.

"ಏನು ವೇಗ! ಆದ್ರೆ ಅಕ್ಕ, ಎಡಗಡೆ ಅಂಚು ವಾಲಿದೆ. ಇನ್ನೊಂದು ಸಲ ಮಾಡಿ."

"ಸಾರ್, ಇದು ಅಭ್ಯಾಸದ ಪತ್ರ ಅಲ್ಲ."

"ಅಲ್ವಾ? ಹಾಗಿದ್ರೆ ಖಾಲಿ ಹಾಳೇಲಿ ಯಾಕೆ ಮಾಡ್ತಿದೀರಿ? ಇಲಾಖೆಗೆ ಹೋಗೋ ಪತ್ರ ಕಾಲೇಜಿನ ಹೆಸರಿರೋ ಕಾಗದದಲ್ಲೇ ಇರ್ಬೇಕು." ತಾವೇ ಒಂದು ಹಾಳೆ ತಂದು ಮಷೀನಿಗೆ ಸಿಕ್ಕಿಸಿದರು. ವಾದಕ್ಕೆ ನಿಂತರೆ ಮಧ್ಯಾಹ್ನವಾದೀತೆಂದು ಅಕ್ಕ ಮತ್ತೆ ಕುಟ್ಟಿದಳು. ಈ ಸಲ ಸಿಟ್ಟು ಇನ್ನೂ ಹದವಾಗಿತ್ತು. 'ಬಿಟ್ಟಿ ಚಾಕರಿ' ನಾಲ್ಕು ಕಡೆ ಬಂತು. ಕೆಳಗೆ ತನ್ನ ಸಹಿ ಹಾಕಿ ಲಕೋಟೆ ತರಲು ಕಪಾಟಿನ ಕಡೆ ತಿರುಗಿದಳು.

ವಾಪಸ್ ಬಂದರೆ ಪತ್ರವಿಲ್ಲ.

"ಮೇಷ್ಟ್ರು ತಗೊಂಡು ಹೋದ್ರು ಅಕ್ಕಾ" ಎಂದಳು ಚೂಯಿಂಗಮ್ಮು. ಅಗಿಯುವುದೇ ನಿಂತಿತ್ತು. "ಪ್ರಿನ್ಸಿಪಾಲರ ಸಹಿಗೆ."

ಅಕ್ಕ ಒಂದೇ ಉಸಿರಿಗೆ ಓಡಿದಳು. ಪ್ರಿನ್ಸಿಪಾಲರು ಒಂದು ಕಿವಿಗೆ ಫೋನು ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಕಾಗದಗಳಿಗೆ ಒಂದೊಂದಾಗಿ ಸಹಿ ಜಡಿಯುತ್ತಿದ್ದರು. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಅವಳ ದೂರಿನ ಸರದಿ ಬಂತು. ಪೆನ್ನು ಸರಕ್ಕನೆ ಓಡಿತು. ಮೇಷ್ಟ್ರು ಟಪ್ಪೆಂದು ಮೊಹರು ಒತ್ತಿದರು.

"ಸಾಲು ನೇರವಾಗಿದೆ" ಎಂದು ಪ್ರಿನ್ಸಿಪಾಲರು ಫೋನಿಗೆ ಕೈ ಅಡ್ಡ ಹಿಡಿದು ಮೆಚ್ಚಿದರು. "ನೀನೇ ಹೋಗಿ ಕೊಟ್ಟು ಬಾರಮ್ಮ. ಅದೂ ಪ್ರಾಕ್ಟಿಕಲ್ಲೇ."

ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂರು ತಿಂಗಳು ದುಡಿಸಿಕೊಂಡೂ ಅವಳ ಒಂದು ಕಾಗದಕ್ಕೆ ಸಹಿ ಹಾಕದವನು, ತನ್ನ ಮೇಲಿನ ದೂರಿಗೆ ಕಣ್ಣು ಮುಚ್ಚಿ ಹಾಕಿದ್ದ!

ಇಲಾಖೆಯ ಕಚೇರಿ ನಾಲ್ಕು ಬೀದಿ ಆಚೆ, ಮೂರನೇ ಮಹಡಿಯಲ್ಲಿತ್ತು. ಲಿಫ್ಟು ಕೆಟ್ಟಿತ್ತು. ಟಪಾಲು ಕಿಟಕಿಯವನು ಊಟಕ್ಕೆ ಹೋಗಿದ್ದ. ಒಂದು ಗಂಟೆ ಕಾದರೂ ಅವನ ಊಟ ಮುಗಿಯಲಿಲ್ಲ. ಅಕ್ಕ ಯಾರನ್ನೂ ಕೇಳದೆ ಅಧಿಕಾರಿಯ ಬಾಗಿಲು ತಳ್ಳಿ ಒಳಗೆ ನುಗ್ಗಿದಳು.

ಅಧಿಕಾರಿ ನರೆಗೂದಲಿನ ಹೆಂಗಸು. ಗದರಲು ತಲೆಯೆತ್ತಿದವರು ಅಕ್ಕನ ಮುಖ ನೋಡಿ ಸುಮ್ಮನೆ ಕೈ ಚಾಚಿದರು. ಪತ್ರವನ್ನು ಒಮ್ಮೆ ಓದಿದರು. ಕೆಳಗಿನ ಮೊಹರು ನೋಡಿ ಇನ್ನೊಮ್ಮೆ ಓದಿದರು.

"ಇದೇನ್ರೀ, ನಿಮ್ಮ ಪ್ರಿನ್ಸಿಪಾಲರೇ ಸಹಿ ಹಾಕಿದ್ದಾರೆ?"

"ಹೂಂ ಮೇಡಂ."

"ಅಂದ್ರೆ ಒಪ್ಕೊಂಡ ಹಾಗಾಯ್ತು. ಸಾಕ್ಷಿ, ವಿಚಾರಣೆ ಏನೂ ಬೇಕಿಲ್ಲ!" ಅವರು ಮೇಜು ಗುದ್ದಿದರು. "ಯಾವ ಕಾಲೇಜೂ ತನ್ನ ಆಫೀಸಲ್ಲೇ ಪ್ರಾಕ್ಟಿಕಲ್ ಮಾಡಿಸೋ ಹಾಗಿಲ್ಲ. ಹೊರಗಿನ ಕಚೇರೀಲೇ ಆಗ್ಬೇಕು. ನಿಯಮ ಅದು. ತೊಂಬತ್ತು ದಿನ! ಇವರಿಗೆ ನಾಚಿಕೆ ಬೇಡ್ವಾ?"

ಅಲ್ಲೇ ಫೋನು ಹಚ್ಚಿ ಪ್ರಿನ್ಸಿಪಾಲರನ್ನು ಹಿಂಡಿ ಹಿಪ್ಪೆ ಮಾಡಿದರು. ಆ ಕಡೆಯಿಂದ "ಮೇಡಂ... ಮೇಡಂ..." ಎಂಬ ಸಣ್ಣ ದನಿ ಮಾತ್ರ ಕೇಳುತ್ತಿತ್ತು. ತಿಂಗಳುಗಳ ನಂತರ ಅಕ್ಕನ ಭುಜ ಮೊದಲ ಸಲ ಸಡಿಲವಾಯಿತು. ಕುರ್ಚಿ ಎಳೆದುಕೊಂಡು ಕೂತಳು. ಈ ತಾಯಿಯ ಕಾಲಿಗೆ ಬೀಳೋಣವೇ ಎಂದೂ ಅನ್ನಿಸಿತು.

"ಮೇಡಂ, ಹಾಗಿದ್ರೆ ಶುಕ್ರವಾರದೊಳಗೆ ನನ್ನ ಸರ್ಟಿಫಿಕೇಟು..."

"ಯಾವ ಸರ್ಟಿಫಿಕೇಟು?" ಅಧಿಕಾರಿ ದೂರಿನ ಮೂಲೆಯಲ್ಲಿ ಏನೋ ಬರೆಯುತ್ತ ಕೇಳಿದರು. "ಆ ತೊಂಬತ್ತು ದಿನ ಬಿಟ್ಟಿ ಚಾಕರಿ ಅಂತ ನೀವೇ ಬರೆದುಕೊಟ್ಟಿದ್ದೀರಿ, ನಾನು ಒಪ್ಪಿ ರದ್ದು ಮಾಡಿದೀನಿ. ನಿಮ್ಮ ಪ್ರಾಕ್ಟಿಕಲ್ ಇನ್ನೂ ಶುರುವೇ ಆಗಿಲ್ಲವಲ್ಲ."

ಅಕ್ಕ ಎದ್ದು ನಿಂತಳು.

"ಹೆದರ್ಬೇಡಿ, ಅನ್ಯಾಯ ಆಗೋಕೆ ಬಿಡಲ್ಲ. ಇಷ್ಟು ಚೆನ್ನಾಗಿ ಟೈಪ್ ಮಾಡೋರು ನಮ್ಮಲ್ಲಿ ಒಬ್ರೂ ಇಲ್ಲ. ಸೋಮವಾರದಿಂದ ಇಲ್ಲೇ ಬನ್ನಿ. ನಲವತ್ತು ದಿನ. ಕೆಲಸ ನೋಡ್ಕೊಂಡು ಆಮೇಲೆ ಒಂಚೂರು ಮುಂದುವರಿಸೋಣ."

"ಸಂಬಳ?"

"ಪ್ರಾಕ್ಟಿಕಲ್‌ಗೆ ಯಾರಮ್ಮ ಸಂಬಳ ಕೊಡ್ತಾರೆ?"

ಅಕ್ಕ ಎರಡೂ ಕೈಯನ್ನು ಮೇಜಿನ ಮೇಲೆ ಊರಿ, ಒಂದೊಂದೇ ಮಾತು ಕಚ್ಚಿ ಕಚ್ಚಿ ಕೇಳಿದಳು.

"ಮೇಡಂ, ಈ ಕಚೇರಿ ಮೇಲೆ ದೂರು ಕೊಡ್ಬೇಕು ಅಂದ್ರೆ ಯಾರಿಗೆ ಕೊಡ್ಬೇಕು?"

ಅಧಿಕಾರಿಗೆ ಒಂದಿಷ್ಟೂ ಬೇಸರವಾಗಲಿಲ್ಲ. ಕಿಟಕಿಯ ಪಕ್ಕ ಧೂಳು ಹಿಡಿದಿದ್ದ ಖಾಲಿ ಮೇಜೊಂದನ್ನು ಪೆನ್ನಿನಿಂದ ತೋರಿಸಿದರು.

"ಆ ಮೇಜಿಗೆ. ಎರಡು ವರ್ಷದಿಂದ ಅಲ್ಲಿ ಜನ ಇರ್ಲಿಲ್ಲ. ಸೋಮವಾರದಿಂದ ನೀವೇ ಇರ್ತೀರಲ್ಲ, ದೂರು ತಗೊಳ್ಳಿ."