ಅಪ್ಪ ನಕ್ಕ ರೀಲು

ಅಪ್ಪ ನಕ್ಕಿದ್ದೇ ಎಲ್ಲ ಗೋಳಿಗೂ ಕಾರಣವಾಯಿತು.

ಜೀವಮಾನವಿಡೀ ಮನೆಮನೆ ಹತ್ತಿಳಿದು ನೀರಿನ ಮೀಟರ್ ಓದಿದ ಮನುಷ್ಯ ಅವರು. ಬಾಗಿಲು ತೆರೆದವರು ಯಾರೂ ಮುಖ ಅರಳಿಸಿ ಬರಮಾಡಿಕೊಳ್ಳದಂಥ ಕೆಲಸ. ಕೊನೆಗೆ ಅವರ ಮುಖವೂ ಗಂಟಿಕ್ಕಿಕೊಂಡು ಹಾಗೇ ಉಳಿದುಬಿಟ್ಟಿತು. ಮದುವೆಯ ಫೋಟೋದಲ್ಲೂ ನಲ್ಲಿಯ ಸಂಪರ್ಕ ಕಡಿಯಲು ಬಂದವರ ಹಾಗೆ ನಿಂತಿದ್ದಾರೆ. ಅಂಥವರು, ತೀರಿಕೊಳ್ಳುವ ಕೆಲವು ದಿನ ಮೊದಲು, ಮಗನ ಕ್ಯಾಮೆರಾದ ಎದುರು ಕುರ್ಚಿಯಲ್ಲಿ ಕೂತು, ಬೋಳು ತಲೆ ಸವರಿಕೊಳ್ಳುತ್ತಾ, "ಈಗ ನಾನೇನು ಮಾಡ್ಬೇಕೋ?" ಎಂದು ಕೇಳಿದ್ದರು.

"ಏನೂ ಮಾಡ್ಬೇಡಿ ಅಪ್ಪ. ಸುಮ್ನೆ ಕೂತಿರಿ."

"ಇಷ್ಟು ವರ್ಷದಲ್ಲಿ ಈ ಮಾತು ನಂಗೆ ಯಾರೂ ಹೇಳಿರ್ಲಿಲ್ಲ ಕಣೋ" ಎಂದವರೇ ಬಾಯ್ತುಂಬ ನಕ್ಕರು. ಕ್ಯಾಮೆರಾ ಓಡುತ್ತಿತ್ತು. ಅಮ್ಮ ಮಾತ್ರ ಆಗ ತರಕಾರಿಗೆ ಹೋಗಿದ್ದಳು.

ಅಪ್ಪ ಹೋದ ಮೇಲೆ ಅಮ್ಮನದು ಒಂದೇ ರಾಗ. "ಸಂಸಾರ ಮಾಡಿದೋಳು ನಾನು. ಅವ್ರು ನಕ್ಕಿದ್ದು ನಿನ್ನ ಡಬ್ಬ ನೋಡಿ! ಒಂದ್ಸಲ ತೋರ್ಸೋ. ಆಮೇಲೆ ನಿನ್ನ ಏನೂ ಕೇಳಲ್ಲ."

ಮಗ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅದು ಹೊಟ್ಟೆಪಾಡು. ಉಳಿದ ಹೊತ್ತೆಲ್ಲ ಸಿನಿಮಾ, ಅದೂ ಕತೆ, ಹಾಡು, ಹೀರೋ ಯಾವುದೂ ಇಲ್ಲದ ಸಿನಿಮಾ. ಅಂಥದ್ದನ್ನು ತೆಗೆಯುವವರ ಬಳಗವೊಂದು ಕೊಡೆ ರಿಪೇರಿ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ ಕದ್ದುಮುಚ್ಚಿ ಸೇರುತ್ತಿತ್ತು. ಒಬ್ಬ ಗೋಡೆಯ ಮೇಲೆ ಬಿಸಿಲು ಸರಿಯುವುದನ್ನು ತೆಗೆದರೆ ಇನ್ನೊಬ್ಬ ತನ್ನ ಮೊಣಕೈಯನ್ನೇ ತೆಗೆದಿದ್ದ. ಸರ್ಕಾರದ ಮೊಹರಿಲ್ಲದ ಚಿತ್ರ ತೋರಿಸುವುದು ಅಪರಾಧ, ಆದ್ದರಿಂದ ನೆಲಮಾಳಿಗೆ. ಮೊಹರು ಬಿದ್ದಿದ್ದರೂ ನೋಡಲು ಯಾರೂ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು.

ಬಳಗದ ಹಿರಿಯರನ್ನು ಎಲ್ಲರೂ ಗುರುಗಳು ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ಅವರ ಉದ್ಯೋಗ. ಜನರ ಒಳಗನ್ನು ನೋಡಿ ನೋಡಿ ಅವರಿಗೆ ಹೊರಗಿನದರ ಮೇಲೆ ತಾತ್ಸಾರ ಬಂದಿತ್ತು. ಲೋಕವನ್ನು ನೆಟ್ಟಗೆ ತೋರಿಸುವುದು ಸುಳ್ಳು ಎಂಬುದು ಅವರ ಸಿದ್ಧಾಂತ; ತಮ್ಮ ಚಿತ್ರಗಳನ್ನೆಲ್ಲ ತಲೆಕೆಳಗಾಗಿಯೇ ತೋರಿಸುತ್ತಿದ್ದರು. ಅವರಿಗೆ ಎದುರಾಡುವ ಎದೆ ಬಳಗದಲ್ಲಿ ಯಾರಿಗೂ ಇರಲಿಲ್ಲ, ನಮ್ಮ ಚಪ್ಪಲಿ ಅಂಗಡಿಯವನೊಬ್ಬನನ್ನು ಬಿಟ್ಟು. ಹೋದ ತಿಂಗಳು ಗುರುಗಳು ಚರಂಡಿಯ ನೀರಿನ ಚಿತ್ರ ತೋರಿಸಿದಾಗ ಇವನು ಎದ್ದು ನಿಂತು, "ನೀರಿನ ಮಧ್ಯೆ ಅದೇನೋ ಕಲೆ ಬಂದಿದೆ, ಅದನ್ನ ಕತ್ತರಿಸಿ ಹಾಕಿ" ಎಂದಿದ್ದ. ಗುರುಗಳು ಅವನ ಮಾತಿಗೆ ಬೆಲೆ ಕೊಟ್ಟು ಕತ್ತರಿಸಿಯೂ ಬಿಟ್ಟಿದ್ದರು. ಆ ಹೆಮ್ಮೆಯಲ್ಲಿ ಅವನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಬಳಗಕ್ಕೆಲ್ಲ ಇದ್ದದ್ದು ಒಂದೇ ಪ್ರೊಜೆಕ್ಟರ್. ಸರದಿಯ ಮೇಲೆ ಮನೆಯಿಂದ ಮನೆಗೆ ಅಲೆಯುತ್ತಿದ್ದ ಅದು ಕೊನೆಗೊಂದು ದಿನ ಇವನ ಮನೆಗೆ ಬರುವುದಿತ್ತು. ಬೆಳಿಗ್ಗೆ ರೀಲನ್ನು ಔಷಧಿಯಲ್ಲಿ ತೊಳೆದು ಚಿತ್ರ ಮೂಡಿಸಿ, ಮಧ್ಯಾಹ್ನ ಒಣಗಿಸಿ, ಸಂಜೆ ಅಮ್ಮನಿಗೆ ಅಪ್ಪನ ನಗು ತೋರಿಸುವುದೆಂದು ನಿಶ್ಚಯವಾಯಿತು. ಅಮ್ಮ ಇಡೀ ಮಹಡಿಗೆ ಸುದ್ದಿ ಮುಟ್ಟಿಸಿದಳು.

ಬಳಗದ ರೀಲುಗಳೆಲ್ಲ ಇವನ ಮನೆಯ ಕಪಾಟಿನಲ್ಲೇ ಇರುತ್ತಿದ್ದವು. ಬೇಕಾದವರು ಬಂದು ಹೊಸದನ್ನು ಒಯ್ಯುವರು, ಆಮೇಲೆ ಆ ಜಾಗಕ್ಕೆ ಇನ್ನೊಂದು ಹೊಸದನ್ನು ತಂದಿಡುವರು. ಚಿತ್ರ ತೆಗೆದಾಗಿರುವ ಡಬ್ಬಿಗೆ ರಬ್ಬರ್ ಬ್ಯಾಂಡ್ ಸುತ್ತಬೇಕು, ಅದೇ ಗುರುತು. ಅಪ್ಪನ ರೀಲು ಎಡಗಡೆಯಿಂದ ಮೂರನೆಯದು. ಅದರ ಬ್ಯಾಂಡ್ ಕಾಣಲಿಲ್ಲ, ಆದರೆ ಅವನಿಗೇನೂ ಗಾಬರಿಯಾಗಲಿಲ್ಲ. ಮನೆಯಲ್ಲಿ ಕಳೆದ ರಬ್ಬರ್ ಬ್ಯಾಂಡುಗಳೆಲ್ಲ ಕೊನೆಗೆ ಸೇರುತ್ತಿದ್ದುದು ಅಡುಗೆಮನೆ ಬಾಗಿಲಿನ ಹಿಡಿಕೆಗೆ. ಕಂಡಲ್ಲಿ ಬಿಡಿಸಿ ತಂದು ಅಲ್ಲಿ ಪೋಣಿಸುವುದು ಅಮ್ಮನ ಹಳೆಯ ಚಾಳಿ.

ರೀಲು ತೊಳೆಯಲು ಗವ್ವೆನ್ನುವ ಕತ್ತಲೆ ಬೇಕು; ಬೆಳಕು ಸೋಕಿದರೆ ರೀಲೆಲ್ಲ ಕಪ್ಪು. ಕಿಟಕಿಯಿಲ್ಲದ ಕೋಣೆಯೆಂದರೆ ಮಹಡಿಯವರಿಗೆಲ್ಲ ಸೇರಿದ ಬಚ್ಚಲೊಂದೇ. ಅದರ ಲೈಟಿನ ಸ್ವಿಚ್ ಮಾತ್ರ, ಕಟ್ಟಿಸಿದ ಪುಣ್ಯಾತ್ಮನ ಬುದ್ಧಿಗೆ, ಬಾಗಿಲ ಹೊರಗಿತ್ತು. ಅದರ ಮೇಲೆ ಅಡ್ಡಡ್ಡ ಟೇಪು ಅಂಟಿಸಿ, ಬಕೆಟ್ಟುಗಳೊಂದಿಗೆ ಒಳಹೊಕ್ಕ. ಮಹಡಿಯವರು ಅವನಿಗೆ ಕತ್ತಲೆರಾಯ ಎಂದು ಹೆಸರಿಟ್ಟಿದ್ದುದು ಸುಮ್ಮನಲ್ಲ.

ಮೊದಲು ಬಂದವಳು ಎದುರುಮನೆಯ ಟೈಲರಮ್ಮ. "ಒಳಗೆ ನನ್ನ ಬಕೆಟ್ ಇದೆ ಕಣೋ, ನೀಲಿದು. ಲೈನಿಂಗ್ ಬಟ್ಟೆ ನೆನೆಸ್ಬೇಕು, ಕೊಡು."

"ಅದ್ರಲ್ಲಿ ಔಷಧಿ ಕಲ್ಸಿದೀನಿ ಅಕ್ಕ."

"ಯಾರಿಗೆ ಹುಷಾರಿಲ್ಲ?"

"ಫಿಲ್ಮಿಗೆ!"

ಟೈಲರಮ್ಮ ಗೊಣಗುತ್ತಾ ಹೋದಳು. ಆಮೇಲೆ ಅಮ್ಮ ಬಂದು ಬಾಗಿಲಿಗೆ ಬಾಯಿಟ್ಟು ಕೇಳಿದಳು. "ನಕ್ರೇನೋ?"

"ಇನ್ನೂ ಇಲ್ಲಮ್ಮ. ಈಗ ನೀರಿಗೆ ಹಾಕಿದೀನಿ."

"ಜೋಪಾನ ಕಣೋ. ತಣ್ಣೀರು ಆಗ್ತಿರ್ಲಿಲ್ಲ ಅವ್ರಿಗೆ."

ಕತ್ತಲೆಯಲ್ಲಿ ಅವನು ರೀಲನ್ನು ಇನ್ನೂ ಮೆಲ್ಲಗೆ ಅಲುಗಿಸುತ್ತಾ ಕೂತ.

ಆಗ ಬಂದವರು ಕಂಡಕ್ಟರ್ ತಾತ. ಬಸ್ಸಿನ ಕೆಲಸದಿಂದ ನಿವೃತ್ತರಾದ ಮೇಲೂ ಯಾವ ಬಾಗಿಲನ್ನೇ ಆಗಲಿ ಬಸ್ಸಿಗೆ ಬಡಿದಂತೆ ಎರಡು ಸಲ ಬಡಿಯುತ್ತಿದ್ದರು. ಬಡಿದರು. "ಯಾರಪ್ಪಾ ಒಳಗೆ?"

"ನಾನೇ ತಾತ. ಸ್ವಲ್ಪ ತಡ್ಕೊಳ್ಳಿ."

ತಾತ ತಡೆದುಕೊಂಡರು. ಅವರ ವಯಸ್ಸಿನಲ್ಲಿ ಅದು ಸಣ್ಣ ಉಪಕಾರವಲ್ಲ. ನಿಂತು ನಿಂತು ಬಾಗಿಲ ಸಂದಿಯ ಕಡೆ ನೋಡಿದರೆ ಒಳಗೆ ಬೆಳಕೇ ಇಲ್ಲ. ಅಪ್ಪನನ್ನು ಕಳೆದುಕೊಂಡ ಹುಡುಗ ಬಚ್ಚಲಲ್ಲಿ ಒಬ್ಬನೇ ಕತ್ತಲೆಯಲ್ಲಿ ಕೂತಿದ್ದಾನೆ! ತಾತನ ಕರುಳು ಚುರುಕ್ಕೆಂದಿತು. ಯಾರೋ ಪುಂಡರು ಸ್ವಿಚ್ಚಿಗೆ ಟೇಪು ಬೇರೆ ಅಂಟಿಸಿದ್ದಾರೆ. ಉಗುರಿನಿಂದ ಕೆರೆದು ಕೆರೆದು ಅದನ್ನು ಕಿತ್ತರು.

"ಲೈಟ್ ಹಾಕಿದೀನಪ್ಪಾ. ಧೈರ್ಯವಾಗಿರು!"

ಒಳಗಿನಿಂದ ಬಂದ ಕೂಗಿಗೆ ತಾತನಿಗೆ ಬಚ್ಚಲಿಗೆ ಬಂದ ಕಾರಣವೇ ಮರೆತುಹೋಯಿತು.

ತಾರಸಿಯ ತಂತಿಗೆ ನೇತುಹಾಕಿದ ರೀಲು ಉದ್ದಕ್ಕೂ ಇದ್ದಿಲಿನ ಹಾಗೆ ಕಪ್ಪಗಿತ್ತು. ಬಿಸಿಲಿಗೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ಹುಡುಕಿದ. ಅಪ್ಪನೂ ಇಲ್ಲ, ಕುರ್ಚಿಯೂ ಇಲ್ಲ. ನಿಜ ಹೇಳಿಬಿಡೋಣವೆಂದು ಇಳಿದು ಬಂದರೆ, ಅಮ್ಮ ಪೆಟ್ಟಿಗೆಯಲ್ಲಿದ್ದ ಒಳ್ಳೇ ಬಟ್ಟೆ ಹಾಕಿಕೊಂಡು, ಅಪ್ಪ ಕೂತಿದ್ದ ಕುರ್ಚಿಯನ್ನು ಪರದೆಯ ಎದುರಿಗೆ ಎಳೆದು ಕೂತುಬಿಟ್ಟಿದ್ದಾಳೆ. ಅವನು ಹಿಂತಿರುಗಿ ಹೋಗಿ ಆ ರೀಲನ್ನೇ ಇಳಿಸಿ ತಂದ. ಪ್ರೊಜೆಕ್ಟರಿನ ದೀಪ ದೊಡ್ಡದು, ಅದರಲ್ಲಿ ಏನಾದರೂ ಕಂಡರೂ ಕಂಡೀತು ಎಂಬ ಹುಚ್ಚು ಆಸೆಯೊಂದು ಉಳಿದಿತ್ತು.

ಸಂಜೆ ಬಳಗದವರೂ ನೆರೆಯವರೂ ಒತ್ತೊತ್ತಾಗಿ ನೆಲದ ಮೇಲೆ ಕೂತರು. ದೀಪ ಆರಿತು. ಯಂತ್ರ ಕಟಕಟ ಎಂದು ತಿರುಗಿತು. ಗೋಡೆಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಕತ್ತಲೆ. ಆಮೇಲೂ ಕತ್ತಲೆ.

"ಬಂದ್ರೇನೋ?" ಅಮ್ಮ ಪಿಸುಗುಟ್ಟಿದಳು.

"ಇನ್ನೂ ಇಲ್ಲಮ್ಮ."

ರೀಲು ಮುಗಿದು ಬಟ್ಟೆಯ ಮೇಲೆ ಬರಿಯ ಬೆಳಕು ಬಿತ್ತು. ಗುರುಗಳು ಕಣ್ಣೊರೆಸಿಕೊಂಡು ಎದ್ದರು. "ಇಲ್ಲದವರನ್ನ ಇಲ್ಲದ ಹಾಗೇ ತೋರಿಸಿದೆ. ಇಂಥ ಚಿತ್ರ ನಮ್ಮಲ್ಲಿ ಯಾರೂ ತೆಗ್ದಿಲ್ಲ."

ಅಷ್ಟಕ್ಕೆ ಕಂಡಕ್ಟರ್ ತಾತ ಗೊಳೋ ಎಂದು ಅತ್ತುಬಿಟ್ಟರು. "ಲೈಟ್ ಹಾಕಿದ ಪಾಪಿ ನಾನು! ನಿನ್ನ ಗಂಡನ್ನ ಅಳಿಸಿ ಹಾಕ್ಬಿಟ್ಟೆ ಕಣಮ್ಮಾ!"

ಅಮ್ಮ ಮಗನ ಕಡೆ ತಿರುಗಿದಳು. ಅವನು ತಲೆ ತಗ್ಗಿಸಿದ. "ಹೌದಮ್ಮ. ಇದ್ರಲ್ಲೇ ಇದ್ರು. ಮೂರನೇ ಡಬ್ಬಿ, ನಾನೇ ಕೈಯಾರೆ ಇಟ್ಟಿದ್ದೆ."

"ಮೂರನೇದಾ?" ಗುರುಗಳ ಹುಬ್ಬು ಮೇಲೇರಿತು. "ಅದು ನಾನಿಟ್ಟ ಹೊಸ ರೀಲಲ್ವೇನಪ್ಪ? ಮೊದ್ಲು ಅಲ್ಲಿದ್ದುದನ್ನ ನಾನೇ ಒಯ್ದೆ. ಬ್ಯಾಂಡ್ ಇರ್ಲಿಲ್ಲ, ಹೊಸದು ಅಂದ್ಕೊಂಡು ಅದ್ರ ಮೇಲೇ ನನ್ನ ಚಿತ್ರ ತೆಗ್ದೆ."

ಕೋಣೆಯಲ್ಲಿ ಗುಸುಗುಸು ಎದ್ದಿತು. "ಹಾಗಾದ್ರೆ ನಾನು ಅಳಿಸಿಲ್ಲ!" ಎಂದು ತಾತ ಮೂಗೊರೆಸಿಕೊಂಡರು. ಮಗನ ಮೈಯಲ್ಲಿ ಮಿಂಚು ಹರಿಯಿತು. ಒಂದರ ಮೇಲೊಂದು ತೆಗೆದರೆ ಎರಡು ಚಿತ್ರವೂ ಒಂದೇ ರೀಲಿನಲ್ಲಿ ಮೂಡುತ್ತವೆ. ಹಾಗಾದರೆ ಅಪ್ಪ ಹೋಗಿಲ್ಲ, ಇದ್ದಾರೆ!

"ಎಲ್ಲಿದೆ ಗುರುಗಳೇ ಆ ರೀಲು? ಯಾವ ಚಿತ್ರ ಅದು?"

ಗುರುಗಳು ಮೆಲ್ಲಗೆ ಕೂತರು. "ಚರಂಡಿಯ ನೀರು."

ಅವನಿಗೆ ಎಲ್ಲ ಕಣ್ಣಿಗೆ ಕಟ್ಟಿತು. ಹರಿಯುವ ನೀರಿನ ನಡುವೆ ಬುಡದಲ್ಲಿ ಹೊಳೆಯುತ್ತಿದ್ದ ಬೋಳು ಗುಂಡು. ಅದರ ಮೇಲೆ ಕೆಳಮುಖವಾಗಿ ಬಾಗಿದ ಒಂದು ಗೆರೆ, ಯಾರೋ ಸಿಡುಕಿದ ಹಾಗೆ. ತಲೆಕೆಳಗಾದರೆ ನಗುವೂ ಸಿಡುಕಾಗಿ ಕಾಣುತ್ತದೆ ಎಂದು ಅವನಿಗೆ ಆಗ ಹೊಳೆದಿರಲಿಲ್ಲ.

"ಕತ್ತರಿಸಿದ ತುಂಡು?"

"ಎಕ್ಸ್‌ರೇ ಫಿಲ್ಮು ಕರಗಿಸಿ ಬೆಳ್ಳಿ ತೆಗೆಯೋನು ಬರ್ತಾನಲ್ಲಪ್ಪ, ಅವ್ನ ಮೂಟೆಗೆ ಹಾಕ್ಬಿಟ್ಟೆ." ಗುರುಗಳು ಅವನ ಕೈ ಹಿಡಿದುಕೊಂಡರು. "ಕಲೆ ಅಂದ್ಯಲ್ಲಪ್ಪಾ ನೀನು..."

ಅಮ್ಮ ಮಗನನ್ನೇ ನೋಡುತ್ತಿದ್ದಳು.

"ಅಪ್ಪನ್ನ ಗುರುತು ಹಿಡೀಲಿಲ್ವೇನೋ?"

"ನಕ್ಕಿದ್ದು ಒಂದೇ ಸಲ ನೋಡಿದ್ದೆ ಅಮ್ಮ" ಎಂದವನೇ ಮಕ್ಕಳಂತೆ ಬಿಕ್ಕಿ ಬಿಕ್ಕಿ ಅತ್ತ.

ಅಮ್ಮ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದಳು. ಹಿಡಿಕೆಯಲ್ಲಿ ಜೋತಾಡುತ್ತಿದ್ದ ಬ್ಯಾಂಡುಗಳನ್ನು ಒಂದೊಂದಾಗಿ ಸರಿಸಿ ನೋಡಿದಳು. ಇವುಗಳಲ್ಲಿ ಆ ಡಬ್ಬಿಯದು ಯಾವುದೆಂದು ಅವಳಿಗೂ ಗೊತ್ತಿರಲಿಲ್ಲ. ಕೊನೆಗೆ ಒಂದನ್ನು ಬಿಡಿಸಿಕೊಂಡು ಬಂದು, ಕಪ್ಪು ರೀಲನ್ನು ಡಬ್ಬಿಗೆ ಹಾಕಿ ಮುಚ್ಚಿದಳು.

"ಅದ್ರಲ್ಲಿ ಏನೂ ಇಲ್ಲಮ್ಮ."

"ಗೊತ್ತು. ಆದ್ರೂ ಇದನ್ನ ಇನ್ಯಾರೂ ಒಯ್ಯೋದು ಬೇಡ" ಎಂದು ಬ್ಯಾಂಡನ್ನು ಜಗ್ಗಿ ಸುತ್ತಿದಳು. ಹಳೆಯ ರಬ್ಬರು, ಒಣಗಿತ್ತು. ಪಟ್ಟೆಂದು ಹರಿಯಿತು. ಅಮ್ಮ ಇನ್ನೊಂದನ್ನು ತರಲು ಎದ್ದಳು.